ಮೇಲೇಳದ ಪಂಕ್ತಿ

ನಿರುಪಾದಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಹೊಳೆದಂಡೆಯ ಮಠಕ್ಕೆ ಬಂದು ವರ್ಷಗಳಾಗಿದ್ದವು. ಕಸ ಗುಡಿಸಿದ, ನೀರು ಹೊತ್ತ, ವಚನ ಬಾಯಿಪಾಠ ಮಾಡಿದ. ಒಂದು ಮುಗಿಯುವ ಮೊದಲೇ ಮನಸ್ಸು ಇನ್ನೊಂದಕ್ಕೆ ಹಾರುತ್ತಿತ್ತು.

ಕೊನೆಗೆ ಒಂದು ದಿನ ಗುರು ಅಡವಯ್ಯನವರ ಮುಂದೆ ಹೋಗಿ ನಿಂತ.

"ಅಪ್ಪಾರ, ಹುಟ್ಟಿದ್ದಕ್ಕ ಏನರೆ ಒಂದು ದೊಡ್ಡ ಕೆಲಸ ಮಾಡಬೇಕ್ರಿ. ಏನು ಮಾಡ್ಲಿ ಅಂತ ತಿಳಿವಲ್ದು. ನನಗ ಒಂದು ಗುರಿ ಕೊಡ್ರಿ."

ಅಡವಯ್ಯನವರು ಕೌದಿ ಹೊಲಿಯುತ್ತಿದ್ದರು. ಸೂಜಿಯಿಂದ ಕಣ್ಣೆತ್ತಲಿಲ್ಲ.

"ಹಸಿದು ಬಂದವರಿಗೆ ಉಣ್ಣಾಕ ನೀಡು."

"ಅಷ್ಟ ಏನ್ರಿ?"

"ಅಷ್ಟ."

ನಿರುಪಾದಿಗೆ ಇದು ತೀರ ಸಣ್ಣದೆನಿಸಿತು. ಗುರುಗಳ ಮಾತು, ಮೀರುವಂತಿಲ್ಲ. ದಾಸೋಹದ ಸೌಟನ್ನು ಕೈಗೆ ತೆಗೆದುಕೊಂಡ. ತೆಗೆದುಕೊಂಡ ಗಳಿಗೆಯಿಂದ, ಈ ಸಣ್ಣ ಕೆಲಸವನ್ನು ದೊಡ್ಡದು ಮಾಡುವುದು ಹೇಗೆಂದು ತಲೆ ಕೆಡಿಸಿಕೊಂಡ.

ಅಷ್ಟರಲ್ಲಿ ಹಿಂದಿನ ಗುರುಗಳ ಪುಣ್ಯತಿಥಿ ಹತ್ತಿರ ಬಂತು. ಆ ದಿನ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಮಠದಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಊಟ. ಸುತ್ತಲಿನ ಊರುಗಳೆಲ್ಲ ಬರುತ್ತವೆ.

ಹೊಳೆಯಾಚೆಯ ಮಠದವರು ತಮ್ಮಲ್ಲಿ ಅಷ್ಟು ಪಂಕ್ತಿ ಎದ್ದವು, ಇಷ್ಟು ಪಂಕ್ತಿ ಎದ್ದವು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಆ ಮಾತು ನಿರುಪಾದಿಯ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಪುಣ್ಯತಿಥಿಯ ಹಿಂದಿನ ದಿನ ಎಲ್ಲರೆದುರು ಎದೆ ತಟ್ಟಿಕೊಂಡು ಹೇಳಿಬಿಟ್ಟ.

"ನಾಳೆ ದೀಪ ಹಚ್ಚೂದರೊಳಗ ಅವರಿಗಿಂತ ಒಂದು ಪಂಕ್ತಿ ಹೆಚ್ಚಿಗೆ ಎಬ್ಬಸ್ತೀನಿ. ಆಗಲಿಲ್ಲಂದ್ರ ಈ ಸೌಟು ಮುಟ್ಟೂದಿಲ್ಲ. ಈ ಮಠದಾಗ ನಿಲ್ಲೂದೂ ಇಲ್ಲ."

ಅಡವಯ್ಯನವರಿಗೂ ಕೇಳಿಸಿತು. ಅವರು ಸೂಜಿಗೆ ದಾರ ಪೋಣಿಸಿದರು.

ಆ ಮಠದ ಪಂಕ್ತಿಗೊಂದು ರೀತಿಯಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ, ಅವರು ತುತ್ತೆತ್ತಿದ ಮೇಲೆಯೇ ಉಳಿದವರು ತುತ್ತೆತ್ತಬೇಕು. ಅವರು ಎದ್ದರೆ ಎಲ್ಲರೂ ಏಳಬೇಕು. ಅವರು ಏಳುವವರೆಗೆ ಯಾರೂ ಏಳುವಂತಿಲ್ಲ. ತಮ್ಮದಾದರೂ ಎಲ್ಲರ ಎಲೆಗಳ ಮೇಲೆ ಕಣ್ಣಾಡಿಸಿ, ಕಟ್ಟಕಡೆಯವನ ಊಟವೂ ಆಯಿತೆಂದು ಕಂಡ ಮೇಲೆಯೇ ಹಿರಿಯರು ಏಳುತ್ತಿದ್ದರು.

ನಿರುಪಾದಿಗೆ ಉಪಾಯ ಹೊಳೆದದ್ದು ಇಲ್ಲೇ.

ಊರಿನಲ್ಲಿ ಫಕೀರಜ್ಜ ಎಂಬ ಹಣ್ಣು ಹಣ್ಣು ಮುದುಕನಿದ್ದ. ಬಾಯಲ್ಲಿ ಹಲ್ಲಿಲ್ಲ, ಕಣ್ಣು ಅಷ್ಟಕ್ಕಷ್ಟೇ, ಪಕ್ಕದವರ ಎಲೆಯೂ ಕಾಣುವುದಿಲ್ಲ. ನಾಲ್ಕು ತುತ್ತು ಅನ್ನ ಸಾರು ನುಂಗಿದರೆ ಮುಗಿಯಿತು, ಕೈ ತೊಳೆಯುವ ಆಸಾಮಿ. ಅವನನ್ನೇ ಪ್ರತಿ ಪಂಕ್ತಿಯ ತಲೆಗೆ ಕೂರಿಸಿಬಿಟ್ಟರೆ?

"ಯಜ್ಜಾ, ನಾಳೆ ಎಲ್ಲಾ ಪಂಕ್ತಿಗೂ ನಿಂದ ಹಿರೇತನ."

ಮುದುಕ ಹಿಗ್ಗಿ ಹೀರೇಕಾಯಿಯಾದ.

ಮರುದಿನ ಎಲ್ಲವೂ ನಿರುಪಾದಿ ಎಣಿಸಿದಂತೆಯೇ ನಡೆಯಿತು. ಫಕೀರಜ್ಜ ಕೂತ, ನುಂಗಿದ, ಎದ್ದ. ಅವನ ಹಿಂದೆ ಸಾಲೂ ಎದ್ದಿತು. ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಎದ್ದವರಿದ್ದರು. ಬಾಯಲ್ಲಿನ ತುತ್ತು ನುಂಗುತ್ತಲೇ ಎದ್ದವರಿದ್ದರು. ಮಠದ ಪ್ರಸಾದ, ಯಾರು ಏನೆಂದಾರು?

ರೊಟ್ಟಿಯ ಬುಟ್ಟಿಗಳನ್ನು ನಿರುಪಾದಿ ಹೊರಗೇ ತರಲಿಲ್ಲ. ಜೋಳದ ರೊಟ್ಟಿ ಅಗಿಯಲು ಹೊತ್ತು ಹಿಡಿಯುತ್ತದೆ. ಅನ್ನ, ತಿಳಿಸಾರು, ಅಷ್ಟೇ.

"ಏಳ್ರಿ, ಏಳ್ರಿ! ಹೊರಗ ಮಂದಿ ನಿಂತೈತಿ!"

ನಿಜವೇ. ಬಾಗಿಲ ಬಳಿ ನಿಂತ ಮಂದಿ ಕರಗಲೇ ಇಲ್ಲ. ಒಂದು ಪಂಕ್ತಿ ಎದ್ದರೆ ಅಷ್ಟೇ ಮಂದಿ ಮತ್ತೆ ಬಾಗಿಲಲ್ಲಿ. ಅದನ್ನು ಕಂಡಷ್ಟೂ ನಿರುಪಾದಿಯ ಹುರುಪು ಏರಿತು. ಎಲೆ ಎತ್ತು, ನೆಲ ಸಾರಿಸು, ಎಲೆ ಹಾಕು. ಒಲೆಗೂ ಬಾಗಿಲಿಗೂ ಓಡಾಡಿ ಅಂಗಾಲು ಉರಿಯುತ್ತಿತ್ತು. ಬಡಿಸುವವರ ಮೇಲೆ ರೇಗಿದ, ಉಣ್ಣುವವರ ಮೇಲೂ ರೇಗಿದ.

ಹೊತ್ತು ಇಳಿಯಿತು. ಇನ್ನೆರಡು ಪಂಕ್ತಿ ಎದ್ದರೆ ಗೆದ್ದಂತೆ.

ಜನ ಕೂತರು, ಎಲೆಗೆ ಅನ್ನ ಬಿತ್ತು. ತಲೆಯ ಎಲೆಯ ಮುಂದೆ ಮಾತ್ರ ಯಾರೂ ಇಲ್ಲ.

"ಅಜ್ಜ ಎಲ್ಲಿ? ಯಾರರೆ ಅಜ್ಜನ್ನ ಕರಕೊಂಡು ಬರ್ರಿ!"

ಬಂದದ್ದು ಅಜ್ಜನಲ್ಲ, ಅಡವಯ್ಯನವರು.

"ಫಕೀರಜ್ಜ ಕಟ್ಟಿ ಮ್ಯಾಲೆ ಅಡ್ಡಾಗ್ಯಾನ. ಇನ್ನೊಂದು ತುತ್ತು ಒಳಗ ಇಳಿಯಂಗಿಲ್ಲ, ಹೆಂಗರೆ ಮಾಡಿ ಬಿಡಸ್ರಿ ಅಂತ ನನ್ನ ಕಾಲು ಹಿಡಕೊಂಡ. ಅವನ ಜಾಗಾದಾಗ ನಾ ಕುಂದರ್ತೀನಿ."

ಕೂತೇಬಿಟ್ಟರು. ಒಂದು ತುತ್ತೆತ್ತಿದರು. ಸಾಲೂ ತುತ್ತೆತ್ತಿತು.

ಅಡವಯ್ಯನವರು ಅಗಿದರು. ನೀರು ಕುಡಿದರು. ಮತ್ತೆ ಅಗಿದರು.

"ರೊಟ್ಟಿ ಮಾಡಿಲ್ಲೇನು?"

"ಮಾಡೇವ್ರಿ. ಒಳಗ ಅದಾವು."

"ಯಾರಿಗಂತ ಇಟ್ಟೀ?"

"ಮುಂದಿನ ಪಂಕ್ತಿಗ್ರಿ."

"ಇದು ಯಾವ ಪಂಕ್ತಿ?"

ನಿರುಪಾದಿ ಒಳಗೆ ಹೋದ. ಹಲ್ಲು ಕಚ್ಚಿಕೊಂಡು ಬುಟ್ಟಿ ತಂದ. ರೊಟ್ಟಿ ಬಿತ್ತು, ಪಲ್ಯ ಬಿತ್ತು. ಸಾಲಿನಲ್ಲಿ ರೊಟ್ಟಿ ಮುರಿಯುವ ಸದ್ದು ಎದ್ದಿತು. ಅಡವಯ್ಯನವರು ಚೂರು ಚೂರೇ ಮುರಿದು, ಪಲ್ಯದಲ್ಲಿ ಅದ್ದಿ, ಇಡೀ ವರ್ಷ ಮುಂದಿದೆ ಎನ್ನುವಂತೆ ಉಂಡರು.

ಬಿಸಿಲು ಅಂಗಳ ಬಿಟ್ಟು ಗೋಡೆ ಏರಿತು. ನಿರುಪಾದಿ ಬಾಗಿಲಿಗೆ ಹೋದ, ಬಂದ. ಮತ್ತೆ ಹೋದ, ಮತ್ತೆ ಬಂದ. ಗುರುಗಳ ಎಲೆ ಖಾಲಿಯಾಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು ಇನ್ನೊಂದು ರೊಟ್ಟಿ ಕೇಳಿದರು. ಗುರುಗಳೆಂಬ ಗುರುಗಳ ಮೇಲೇ ಅವನಿಗೆ ಸಿಟ್ಟು ಬಂತು.

"ಅಪ್ಪಾರ, ಹೊತ್ತು ಮುಳುಗಾಕತ್ತೈತ್ರಿ."

"ಹೌದು. ದಿನಾ ಮುಳುಗತೈತಿ."

"ಹೊರಗ ಮಂದಿ ಕಾಯಾಕತ್ತಾರ್ರಿ."

"ಯಾರು?"

"ಹಸಿದವರು."

"ಯಾವ ಊರವರು?"

"ಕೇಳಿಲ್ರಿ."

"ಮುಖಾನರೆ ನೋಡೀಯೋ ಇಲ್ಲೋ?"

ನಿರುಪಾದಿ ಬಾಗಿಲ ಕಡೆ ತಿರುಗಿದ. ತಲೆಗಳನ್ನು ನೋಡಿದ್ದ, ಮುಖಗಳನ್ನಲ್ಲ.

"ಹೋಗಿ ನೋಡಿ ಬಾ. ನಾ ಇಲ್ಲೇ ಇರ್ತೀನಿ."

ನಿರುಪಾದಿ ಬಾಗಿಲಿಗೆ ಹೋದ. ಈ ಸಲ ಒಬ್ಬೊಬ್ಬರ ಮುಖ ನೋಡಿದ. ಮುಂದೆ ನಿಂತಿದ್ದವನು ಕೆಂಪು ರುಮಾಲಿನ ಮುದುಕ. ಬೆಳಗಿನ ಮೊದಲ ಪಂಕ್ತಿಯಲ್ಲಿ ಅವನ ರಟ್ಟೆ ಹಿಡಿದು ಎಬ್ಬಿಸಿದ್ದು ನೆನಪಾಯಿತು. ಅವನ ಹಿಂದಿನವನನ್ನೂ ಕಂಡಂತಿತ್ತು. ಅವನ ಹಿಂದಿನವಳನ್ನೂ.

ಅವಳ ಕಂಕುಳಲ್ಲಿ ಹಸುಗೂಸು ಅಳುತ್ತಿತ್ತು. ಅಳುವುದಕ್ಕೂ ಶಕ್ತಿ ಇಲ್ಲದ ಅಳು.

"ನಿನ್ನ ಹೆಸರೇನವ್ವಾ?"

"ಹುಲಿಗೆವ್ವ."

"ಆಗಲೇ ಉಂಡು ಹೋದ್ಯಲ್ಲ?"

ಹುಲಿಗೆವ್ವ ಸೆರಗು ಸರಿಮಾಡಿಕೊಂಡಳು.

"ಕುಂತಿದ್ದೆ ಯಪ್ಪಾ, ಉಂಡಿಲ್ಲ. ಬೆಳಿಗ್ಗಿಂದ ಕುಂದರ್ತೀನಿ, ಏಳ್ತೀನಿ, ಮತ್ತ ಬಂದು ಇಲ್ಲೇ ನಿಂದರ್ತೀನಿ. ನನ್ನ ಹೊಟ್ಟಿಗೆ ಬೀಳದಿದ್ರ ಕೂಸಿಗೆ ಹಾಲು ಎಲ್ಲಿಂದ ಬರಬೇಕು?"

ಕೆಂಪು ರುಮಾಲಿನವನು ನೆಲ ನೋಡುತ್ತ ನಿಂತ. ಉಳಿದವರು ಹೌದೆಂದು ತಲೆಯಾಡಿಸಿದರು.

ನಿರುಪಾದಿಗೆ ಆಗ ತಿಳಿಯಿತು. ದಿನವಿಡೀ ಅವನು ಎಬ್ಬಿಸಿದ ಪಂಕ್ತಿಗಳೆಲ್ಲ ಇದೇ ಮಂದಿ. ಈ ಇಡೀ ದಿನದಲ್ಲಿ ಹೊಟ್ಟೆ ತುಂಬಿದ್ದು ಒಬ್ಬರಿಗೇ, ಕಟ್ಟೆಯ ಮೇಲೆ ಉರುಳಾಡುತ್ತಿದ್ದ ಫಕೀರಜ್ಜನಿಗೆ.

ಕೂಸಿರುವವಳು ಮೊದಲೆಂದು ನಿರುಪಾದಿ ಹುಲಿಗೆವ್ವನನ್ನು ಒಳಗೆ ಕರೆತಂದ. ಗುರುಗಳ ಪಕ್ಕದವರು ಸರಿದು ಜಾಗ ಮಾಡಿಕೊಟ್ಟರು. ಅವಳ ಮುಂದೆ ಎಲೆ ಹಾಕಿದ. ಸೌಟನ್ನು ಗುರುಗಳ ಮುಂದೆ ನೆಲಕ್ಕಿಟ್ಟ. ಹೊರಗೆ ಯಾರೋ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

"ಮಾತು ಕೊಟ್ಟಿದ್ದೆ ಅಪ್ಪಾರ, ಸೋತೆ. ನೀವು ಕೊಟ್ಟಿದ್ದು ಒಂದ ಗುರಿ, ಅದನ್ನೂ ಹಾಳು ಮಾಡಿದೆ. ನಾ ಇನ್ನ ನಡೀತೀನ್ರಿ."

ಅಡವಯ್ಯನವರ ಬಲಗೈ ಎಂಜಲಾಗಿತ್ತು. ಎಡಗೈಯಿಂದ ಸೌಟನ್ನು ಅವನ ಕಡೆ ದೂಡಿದರು.

"ಆಕಿ ಎಲೆಗೆ ಕೈ ಅಡ್ಡ ಹಿಡದು ಸಾಕು ಅನ್ನೂ ತನಕ ನೀಡು. ಸೋತ್ಯೋ ಗೆದ್ಯೋ ಆಮ್ಯಾಲೆ ಆಕೀನ್ನ ಕೇಳು."