ದೊಡ್ಡ ನಾಯಿಗೆ ಬೇಗ ಮುಪ್ಪು ಬಂದದ್ದು

ಬೆಟ್ಟಗಳ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಹೊಳೆಗೆ ತನ್ನ ದಾರಿ ಯಾವುದೆಂದೇ ಗೊತ್ತಿರಲಿಲ್ಲ. ಒಂದು ಮಳೆಗಾಲ ಈ ಕಡೆ ಹರಿದರೆ ಮುಂದಿನ ಮಳೆಗಾಲ ಆ ಕಡೆ ಹರಿಯುತ್ತಿತ್ತು.

ಆಗ ಲೋಕದ ನಾಯಿಗಳೆಲ್ಲ ಒಂದೇ ಗಾತ್ರ. ಒಂದೇ ಎತ್ತರ, ಒಂದೇ ಹಸಿವು, ಒಂದೇ ಆಯಸ್ಸು. ಮರಿ ಹುಟ್ಟಿದ ಕೂಡಲೇ ಗಾಳಿ ಬಂದು ಅದರ ಮೂಗಿಗೆ ಉಸಿರು ತುಂಬಿ ಹೋಗುತ್ತಿತ್ತು. ಎಲ್ಲ ಮರಿಗೂ ಒಂದೇ ಅಳತೆ.

ಆ ಹೊಳೆಯ ದಂಡೆಯ ಹುಲ್ಲುಗಾವಲಿನಲ್ಲಿ ಮಾಳವ್ವ ಎಂಬ ಕುರಿ ಕಾಯುವ ಹೆಂಗಸು ಇದ್ದಳು. ಹೊಳೆ ದಾರಿ ಬದಲಿಸಿದ ಒಂದು ಮಳೆಗಾಲದಲ್ಲಿ ಅವಳ ಗಂಡ ಕೊಚ್ಚಿಹೋಗಿದ್ದ. ಉಳಿದದ್ದು ಒಂದು ಹಿಂಡು ಕುರಿ, ಆಗತಾನೆ ನಡೆಯಲು ಕಲಿತಿದ್ದ ಮಗಳು ನಿಂಗಿ, ಮತ್ತು ಎರಡು ಗಂಡು ನಾಯಿಮರಿ. ಕೆಂಪಗಿದ್ದವನು ಕೆಂದ. ಬೂದಿ ಬಣ್ಣದವನು ಬೂದ. ಅವುಗಳ ತಾಯಿಯನ್ನು ತೋಳಗಳು ತಿಂದಿದ್ದವು.

ನಾಯಿ ಹೋದ ಮೇಲೆ ತೋಳಗಳಿಗೆ ಹೆದರಿಕೆಯೇ ಹೋಯಿತು. ಒಂದು ಸಂಜೆ ಅವು ಗುಡಿಸಲ ಅಂಗಳಕ್ಕೇ ಬಂದವು. ನಿಂಗಿ ಆಡುತ್ತಿದ್ದ ಜಾಗದ ಪಕ್ಕದಿಂದ ಒಂದು ಕುರಿಮರಿಯನ್ನು ಕಚ್ಚಿಕೊಂಡು ಹೋದವು. ನಿಂಗಿಯ ಕೆನ್ನೆಯ ಮೇಲೆ ರಕ್ತ ಸಿಡಿದಿತ್ತು. ಅದು ಕುರಿಯದು. ಆದರೂ ಮಾಳವ್ವ ಅದನ್ನು ಮತ್ತೆ ಮತ್ತೆ ಒರೆಸಿದಳು.

ಮಾರನೆಯ ಬೆಳಗ್ಗೆ ಅವಳು ದಿಬ್ಬ ಹತ್ತಿ ಗಾಳಿಯನ್ನು ಕರೆದಳು.

"ನನ್ನ ಮರಿಗಳು ತೋಳಕ್ಕಿಂತ ದೊಡ್ಡವಾಗಬೇಕು. ಬೇಗ ಆಗಬೇಕು" ಅಂದಳು.

ಗಾಳಿ ಹುಲ್ಲಿನ ಮೇಲೆ ಕೂತಿತು. "ಮೈ ಬೆಳೆಸಬಲ್ಲೆ ತಾಯಿ. ಆದರೆ ಅದಕ್ಕೆ ಹೊಸ ಉಸಿರು ನನ್ನ ಹತ್ತಿರ ಇಲ್ಲ. ಮುಂದಿನ ವರ್ಷಗಳಿಗೆ ಅಂತ ಒಳಗೆ ಇಟ್ಟಿದ್ದನ್ನೇ ತೆಗೆದು ಈಗ ಮೈಗೆ ಹಾಕಬೇಕು."

"ಹಾಗಂದರೆ?"

"ದೊಡ್ಡದಾಗುತ್ತೆ. ಬೇಗ ಹೋಗುತ್ತೆ. ಅಷ್ಟು ಭಾರ ಹೊತ್ತು ಸೊಂಟದ ಕೀಲು ಸವೆಯುತ್ತೆ, ಎದೆ ದಣಿಯುತ್ತೆ. ಇರುವಷ್ಟು ದಿನ ನಿನ್ನ ಮಡಕೆಯನ್ನು ಬರಿದು ಮಾಡುತ್ತೆ."

ಮಾಳವ್ವ ತನ್ನ ಹಿಟ್ಟಿನ ಮಡಕೆಯನ್ನು ನೆನೆದಳು. "ಹಾಗಾದರೆ ಒಂದನ್ನೇ ಬೆಳೆಸು. ಎರಡಕ್ಕೆ ಹಾಕಲಾರೆ. ಇನ್ನೊಂದರ ಗತಿ ಏನು?"

"ಅದಕ್ಕೆ ತಿನ್ನಲು ಕಡಿಮೆಯಾದರೆ ಮೈ ಕುಗ್ಗುತ್ತೆ. ಮೈ ಕುಗ್ಗಿದಷ್ಟೂ ಉಸಿರು ಉಳಿಯುತ್ತೆ. ಆದರೆ ಅದೂ ಸುಖವಲ್ಲ. ಹಲ್ಲೆಲ್ಲ ಪುಟ್ಟ ಬಾಯಲ್ಲಿ ಒತ್ತೊತ್ತಾಗಿ ಕೂತು ಕೊಳೆಯುತ್ತವೆ. ಮಂಡಿಚಿಪ್ಪು ಜಾರುತ್ತೆ. ಬಹಳ ವರ್ಷ ಅದನ್ನು ಎತ್ತಿಕೊಂಡು ತಿರುಗಬೇಕಾಗುತ್ತೆ."

"ಯಾವುದನ್ನು ಬೆಳೆಸುತ್ತೀ?"

"ಅದನ್ನು ನೀನೇ ಹೇಳಬೇಕು" ಅಂದಿತು ಗಾಳಿ.

 ಮಾಳವ್ವ ಗುಡಿಸಲ ಕಡೆ ತಿರುಗಿ ಯಾರ ಹೆಸರೂ ಹಿಡಿಯದೆ ಸುಮ್ಮನೆ "ಬಾ, ಬಾ" ಎಂದು ಕರೆದಳು. ಬೂದ ನಿಂಗಿಯ ಜೊತೆ ಕಂಬಳಿಯೊಳಗೆ ಮಲಗಿದ್ದವನು ಏಳಲಿಲ್ಲ. ಕೆಂದ ಮಾತ್ರ ಎದ್ದು, ಎಡವುತ್ತ, ಬಾಲ ಅಲ್ಲಾಡಿಸುತ್ತ ದಿಬ್ಬ ಹತ್ತಿ ಬಂದು ಅವಳ ಕಾಲಿನ ಹತ್ತಿರ ಕೂತ.

ಗಾಳಿ ಅವನ ಮೂಗಿಗೆ ಊದಿತು.

ಅವತ್ತಿನಿಂದ ಕೆಂದ ಬೆಳೆದ. ಮಾಳವ್ವ ಮುದ್ದೆ ಕಟ್ಟಿ ಹಾಕಿದಳು, ತಿಂದ. ಹಾಲು ಹಿಂಡಿ ಹಾಕಿದಳು, ಕುಡಿದ. ತನ್ನ ಪಾಲಿನದನ್ನೂ ಹಾಕಿದಳು, ಅದನ್ನೂ ತಿಂದು ಇನ್ನೂ ಇದೆಯಾ ಎಂದು ನೋಡಿದ. ಬೂದನಿಗೆ ಸಿಕ್ಕಿದ್ದು ಮಡಕೆ ತೊಳೆದ ನೀರು. ಕೆಂದ ಕರುವಿನಷ್ಟಾದ. ಬೂದ ಒಂದು ಬುಟ್ಟಿಯಲ್ಲಿ ಹಿಡಿಸುವಷ್ಟೇ ಉಳಿದ.

ತೋಳಗಳು ಮತ್ತೆ ಬಂದಾಗ ಹೊತ್ತು ಮುಳುಗುತ್ತಿತ್ತು. ಕೆಂದ ಎದ್ದು ನಿಂತ. ಮುಂದಿದ್ದ ತೋಳ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇದು ನಾಯಿಯಾ?" ಎಂದು ಕೇಳಿತು.

"ಹೌದು" ಅಂದ ಕೆಂದ.

ಆ ತೋಳವನ್ನು ಅವನು ಕತ್ತು ಹಿಡಿದು ಹೊಳೆಗೆ ಎಸೆದ. ಉಳಿದವು ಬೆಟ್ಟದ ಆಚೆಗೆ ಹೋದವು. ಮಾಳವ್ವ ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ನಿಂಗಿ ಕೆಂದನ ಬೆನ್ನೇರಿ ಹೊಳೆ ದಾಟಲು ಕಲಿತಳು.

ಆದರೆ ಆ ಕಾಲ ಹೆಚ್ಚು ಇರಲಿಲ್ಲ. ನಿಂಗಿಯ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ, ಕೆಂದನ ಮೂತಿ ಬೆಳ್ಳಗಾಯಿತು. ಏಳುವಾಗ ಮುಂಗಾಲು ಎದ್ದರೆ ಹಿಂಗಾಲು ಏಳಲೊಲ್ಲವು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಾಳವ್ವ ಲಕ್ಕಿಸೊಪ್ಪು ಕಾಯಿಸಿ ಸೊಂಟಕ್ಕೆ ಶಾಖ ಕೊಟ್ಟಳು, ಹಿಪ್ಪೆ ಎಣ್ಣೆ ತಿಕ್ಕಿದಳು. ಏನೂ ಆಗಲಿಲ್ಲ.

ಒಂದು ಬೆಳಗ್ಗೆ, ಅವ್ವನಿಂದ ಉಸಿರಿನ ವಿಷಯ ತಿಳಿದಿದ್ದ ನಿಂಗಿ ತಾನೇ ದಿಬ್ಬ ಹತ್ತಿ ಗಾಳಿಯನ್ನು ಕೇಳಿದಳು. "ಬೂದನ ಹತ್ತಿರ ಇನ್ನೂ ಎಷ್ಟೊಂದು ಉಸಿರಿದೆ. ಅದರಲ್ಲಿ ಅರ್ಧ ತೆಗೆದು ಕೆಂದನಿಗೆ ಹಾಕು."

"ಒಬ್ಬರ ಮೂಗಿನದು ಇನ್ನೊಬ್ಬರ ಮೂಗಿಗೆ ಹೋಗಲ್ಲ ಮಗಳೇ" ಅಂದಿತು ಗಾಳಿ. ಅಷ್ಟು ಹೇಳಿ ಅದು ತಲೆ ತಗ್ಗಿಸಿಕೊಂಡು ಹೊರಟುಹೋಯಿತು.

ಆ ಮಧ್ಯಾಹ್ನ ಮಾಳವ್ವ ಕೆಂದನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಡೆದದ್ದನ್ನೆಲ್ಲ ಹೇಳಿದಳು. ದಿಬ್ಬದ ಮೇಲೆ ಕರೆದದ್ದು ಯಾಕೆ, ಗಾಳಿ ಏನೆಂದಿತ್ತು, ತಾನು ಏನನ್ನು ಒಪ್ಪಿಕೊಂಡಳು, ಎಲ್ಲ.

 "ಆವಾಗಲೇ ಹೇಳಬಹುದಿತ್ತು" ಅಂದ ಕೆಂದ.

"ಹೇಳಿದ್ದರೆ ನೀನು ಓಡಿಹೋಗುತ್ತಿದ್ದೆ."

"ಹೋಗುತ್ತಿದ್ದೆನೋ ಏನೋ. ಈಗ ಹೇಗೆ ಹೇಳಲಿ?"

ಮಾಳವ್ವನ ಕಣ್ಣೀರು ಅವನ ಕಿವಿಯ ಮೇಲೆ ಬಿತ್ತು. ಅವನು ಕಿವಿ ಒದರಲಿಲ್ಲ.

"ಬೂದನಿಗೆ ಎಷ್ಟು ಕಾಲ ಇದೆ?" ಎಂದು ಕೇಳಿದ.

"ಇನ್ನೂ ಬಹಳ ಇದೆ."

ಕೆಂದ ತಮ್ಮನನ್ನು ಕರೆದ. ಬೂದ ಕುಂಟುತ್ತ ಬಂದು ಅಣ್ಣನ ಮೂತಿಯ ಹತ್ತಿರ ಕೂತ.

"ಕಚ್ಚಲು ನಿನ್ನ ಕೈಲಾಗಲ್ಲ" ಅಂದ ಕೆಂದ. "ಬೊಗಳಬಹುದು. ಏನೇ ಬರಲಿ, ಬೊಗಳು. ತೋಳ ಬಂದರೂ ಬೊಗಳು, ಎಲೆ ಬಿದ್ದರೂ ಬೊಗಳು. ಒಳಗೆ ನಾನಿದ್ದೇನೆ ಅಂತ ಬಂದವರು ಅಂದುಕೊಳ್ಳಲಿ."

ಅವತ್ತೇ ಕೆಂದ ಹೋದ. ಅಷ್ಟು ದೊಡ್ಡ ಮೈಗೆ ಅಷ್ಟು ದೊಡ್ಡ ಗುಂಡಿ ಬೇಕಿತ್ತು. ಮಾಳವ್ವ, ನಿಂಗಿ ಇಬ್ಬರೂ ಸಂಜೆಯವರೆಗೆ ತೋಡಿದರು. ಹೊಳೆ ಅದನ್ನು ನೋಡಿ, "ಈ ಜಾಗಕ್ಕೆ ನಾನು ಬರಲ್ಲ" ಎಂದಿತು. ಅಂದಿನಿಂದ ಅದು ತನ್ನ ಒಂದೇ ದಾರಿಯಲ್ಲಿ ಹರಿಯತೊಡಗಿತು.

ಬೂದ ಬದುಕಿದ. ಅವನ ಹಲ್ಲುಗಳು ಕೊಳೆತು ಒಂದೊಂದಾಗಿ ಬಿದ್ದವು. ಮಾಳವ್ವ ಮುದ್ದೆಯನ್ನು ಸಾರಿನಲ್ಲಿ ಕಲಸಿ ಬೆರಳಿನಿಂದ ತಿನ್ನಿಸಿದಳು. ಅವನ ಮಂಡಿ ಜಾರಿದಾಗಲೆಲ್ಲ ಎತ್ತಿಕೊಂಡಳು. ನಿಂಗಿ ಮದುವೆಯಾಗಿ ಹೋದಳು, ತಾಯಿಯಾದಳು. ಆಗಲೂ ಬೂದ ಬಾಗಿಲಲ್ಲಿ ಕೂತು ಬೊಗಳುತ್ತಲೇ ಇದ್ದ.

ಅಷ್ಟರಲ್ಲಿ ನೆರೆಯ ಹಟ್ಟಿಗಳ ಹೆಣ್ಣುನಾಯಿಗಳಲ್ಲಿ ಹುಟ್ಟಿದ ಇಬ್ಬರ ಸಂತತಿಯೂ ಹೊಳೆಯ ದಂಡೆಯ ತುಂಬ ಹಬ್ಬಿತ್ತು. ಕೆಂದನ ಮಕ್ಕಳು ಕೆಂದನ ಹಾಗೆ, ಬೂದನ ಮಕ್ಕಳು ಬೂದನ ಹಾಗೆ. ಬುಟ್ಟಿ ಹೆಣೆಯುವ ಸಂಕಮ್ಮ ಒಂದು ದಿನ ಬಂದು, "ಮಾಳವ್ವ, ಯಾವುದನ್ನು ಸಾಕಿದರೆ ಕಷ್ಟ ಕಡಿಮೆ?" ಎಂದು ಕೇಳಿದಳು.

ಮಾಳವ್ವ ಮಡಕೆಯ ವಿಷಯ ಹೇಳಿದಳು. ಸೊಂಟದ ವಿಷಯ, ಹಲ್ಲಿನ ವಿಷಯ, ಗುಂಡಿ ತೋಡಿದ ವಿಷಯ ಹೇಳಿದಳು. ಯಾವುದು ಕಡಿಮೆ ಎಂದು ಮಾತ್ರ ಹೇಳಲಿಲ್ಲ. ಸಂಕಮ್ಮ ಬಹಳ ಹೊತ್ತು ಕೂತಿದ್ದು, ಕೊನೆಗೆ ಒಂದು ಚಿಕ್ಕ ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದುಹೋದಳು. ಅವಳ ಹಿಂದೆ ಬಂದವರು ದೊಡ್ಡದನ್ನು ಒಯ್ದರು.

ಅದಕ್ಕೇ ಕಂದಾ, ಕರುವಿನಂಥ ನಾಯಿ ನೀನು ದೊಡ್ಡವನಾಗುವುದನ್ನು ನೋಡುವ ಮೊದಲೇ ಮುದಿಯಾಗಿ ಮಲಗಿಬಿಡುತ್ತದೆ. ಪಕ್ಕದ ಮನೆಯ ಮೊಣಕಾಲೆತ್ತರದ ನಾಯಿ ಮಾತ್ರ ಬರಿಯ ಗಾಳಿ ಬೀಸಿದರೂ ಬಾಗಿಲಿಗೆ ಬಂದು ಬೊಗಳುತ್ತಲೇ ಇರುತ್ತದೆ.