ಬಂಡೆ ಮೇಸ್ತ್ರಿಯ ಕ್ಯಾಲ್ಕುಲೇಟರ್

"ಗುರುಗಳೇ, ತಪ್ಪು ಮಾಡಿದವನಿಗೆ ಮೆತ್ತಗೆ ಹೇಳಿದರೆ ಸಾಲದೆ? ಗದರಲೇಬೇಕೆ?" ಎಂದು ಶಿಷ್ಯ ಚಂದ್ರಮೌಳಿ ಕೇಳಿದ. ಗ್ಯಾಸ್ ಬಂದ್ ಮಾಡದೆ ಸಂತೆಗೆ ಹೋಗಿದ್ದ ಅಡುಗೆಯವನ ಮೇಲೆ ಗುರುಗಳು ಆಗಷ್ಟೇ ರೇಗಿದ್ದರು.

ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಮೆತ್ತಗೆ! ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೂತುಕೋ, ಕೇಳು" ಎಂದರು.

ಒಂದು ಕಲ್ಲು ಕ್ವಾರಿ. ಅಲ್ಲಿ ಒಬ್ಬ ಮೇಸ್ತ್ರಿ. ಬಂಡೆಗೆ ಕುಳಿ ತೋಡಿಸಿ, ಮದ್ದು ತುಂಬಿಸಿ, ಬತ್ತಿಗೆ ಬೆಂಕಿ ಇಟ್ಟು ಓಡುವುದು ಅವನ ಕೆಲಸ. ಬತ್ತಿ ಗಿಡ್ಡವಾದರೆ ಮರೆ ಸೇರುವ ಮೊದಲೇ ಬಂಡೆ ಸಿಡಿಯುತ್ತದೆ. ಈ ಮೇಸ್ತ್ರಿಗೋ ಗೇಣು ಕಡಿಮೆ ಕತ್ತರಿಸಿ, ಓಡಿ ಗೆಲ್ಲುವ ಚಟ. ಆ ಕ್ವಾರಿಯಲ್ಲಿ ಅದನ್ನೇ ಗಂಡಸುತನ ಅನ್ನುತ್ತಿದ್ದರು. ಮೂರ್ಖರು!

ಅವನ ಹೆಂಡತಿಯ ಅಣ್ಣ ರೇಡಿಯೊ ರಿಪೇರಿಯವ. ತಂಗಿಯ ತಾಳಿಯ ಚಿಂತೆ ಅವನಿಗೆ. ಅಂಗೈ ಅಗಲದ ಒಂದು ಕ್ಯಾಲ್ಕುಲೇಟರ್ ತಂದು ಅದಕ್ಕೆ ಪ್ರೋಗ್ರಾಂ ಬರೆದ. ಬತ್ತಿಯ ಉದ್ದ, ಓಡಬೇಕಾದ ದೂರ, ಎರಡನ್ನೂ ಒತ್ತಬೇಕು. ಬತ್ತಿ ಸಾಕಾದರೆ ಅದು ಸುಮ್ಮನಿರುತ್ತದೆ. ಸಾಲದಿದ್ದರೆ ಒಳಗಿನ ಬಜರ್ ಕೂಗುತ್ತದೆ. ಸದ್ದಿಗೆ ಬೇಕಾದದ್ದು ಎರಡೇ ಅಂಕಿ: ಸ್ವರ ಎಷ್ಟು ಮೇಲೆ, ಎಷ್ಟು ಹೊತ್ತು. ಅವನು ಕಿವಿಗೆ ಚುಚ್ಚುವ ಒಂದೇ ಸ್ವರ ಆರಿಸಿ, ಗುಂಡಿ ಒತ್ತುವ ತನಕ ನಿಲ್ಲದ ಹಾಗೆ ಇಟ್ಟು, ಮೇಸ್ತ್ರಿಯ ಕೈಗೆ ಕೊಟ್ಟ.

ಎರಡು ತಿಂಗಳು ಮೇಸ್ತ್ರಿ ಹಲ್ಲು ಕಡಿಯುತ್ತ ಬತ್ತಿ ಉದ್ದ ಮಾಡಿದ. ಆಮೇಲೆ ರಿಪೇರಿ ಅಂಗಡಿಗೆ ಬಂದು ಕ್ಯಾಲ್ಕುಲೇಟರನ್ನು ಮೇಜಿನ ಮೇಲೆ ಕುಕ್ಕಿದ.

"ಏನ್ ಭಾವ ಇದು? ಆಳುಗಳ ಮುಂದೆ ನನ್ನ ಮರ್ಯಾದೆ ತೆಗೀತದೆ. ಸ್ವಲ್ಪ ಇಂಪಾಗಿ ಹೇಳೋಕೆ ಬರಲ್ವಾ ಇದಕ್ಕೆ?"

ನೆಂಟಸ್ತನ ಕೆಡಬಾರದೆಂದು ಅಣ್ಣ ಸೋತ. ಕೂತು ಅಂಕಿ ಬದಲಿಸಿದ. ಮೂರು ಸ್ವರ ಒಂದರ ಮೇಲೊಂದು ಏರಿ ತಾವೇ ನಿಲ್ಲುವಂತೆ ಮಾಡಿದ. ಕೇಳಲು ಚೆನ್ನಾಗಿತ್ತು. ಆಳುಗಳು ತಲೆದೂಗಿದರು. ಮೊದಮೊದಲು ಮೇಸ್ತ್ರಿ ಅದಕ್ಕೂ ಬತ್ತಿ ಬದಲಿಸುತ್ತಿದ್ದ. ಬರಬರುತ್ತ, "ಹಾಡ್ಕೊಳ್ಳಲಿ ಬಿಡ್ರೋ" ಎಂದು ಕಡ್ಡಿ ಗೀರತೊಡಗಿದ. ನಾಲ್ಕು ಸಲ ಓಡಿ ಗೆದ್ದ. ಐದನೆಯ ಸಲ ಗೆಲ್ಲಲಿಲ್ಲ.

ಸುದ್ದಿ ಕೇಳಿ ಅಣ್ಣ ಓಡಿಬಂದ. ಅದೇ ಕ್ವಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದ ತಂಗಿ ಹೆಣದ ಪಕ್ಕ ಕೂತಿದ್ದಳು. "ಅದು ಕೂಗಲಿಲ್ವೇನಮ್ಮ?" ಎಂದ.

"ಮೊದಲು ಕೂಗ್ತಿತ್ತಲ್ಲ, ಆ ಸದ್ದು ಯಾಕಣ್ಣ ತೆಗೆದೆ? ಯಾಕೆ ತೆಗೆದೆ?" ಎಂದು ಅವಳು ಅವನ ಎದೆಗೆ ಗುದ್ದಿದಳು.

ಗುರುಗಳು ಮಾತು ನಿಲ್ಲಿಸಿದರು. ಚಂದ್ರಮೌಳಿ ತಡೆಯಲಾರದೆ ಕೇಳಿದ: "ಅವನು ಹಳೆಯ ಸದ್ದನ್ನು ಮತ್ತೆ ಹಾಕಲಿಲ್ಲವೇ?"

"ಹಾಕಿದ," ಎಂದರು ಗುರುಗಳು, "ಮೇಸ್ತ್ರಿಯ ತಿಥಿಯ ದಿನ."