ಕೆಂಚನ ಕಲ್ಲುಬಾನಿ

“ಗುರುಗಳೇ, ಯುದ್ಧಕ್ಕೆ ಹೋಗಿ ಕತ್ತಿ ಬೀಸದೆ ಸತ್ತವನನ್ನು ವೀರ ಅನ್ನಬಹುದೇ?” ಎಂದು ಶಿಷ್ಯ ಕೇಳಿದ.

ಇಬ್ಬರೂ ಮಠಕ್ಕೆ ಕತ್ತೆಯ ಮೇಲೆ ಭಿಕ್ಷೆಯ ಜೋಳ ಹೊರಿಸಿಕೊಂಡು ಬರುತ್ತಿದ್ದರು. ದಾರಿಬದಿಯಲ್ಲಿ ಬಾವಿ ಕಂಡು ನಿಂತಿದ್ದರು. ಶಿಷ್ಯ ನೀರು ಸೇದಿ, ತಂಬಿಗೆಯನ್ನು ಗುರುಗಳ ಮುಂದಿಟ್ಟು, ತಾನು ಹೊಟ್ಟೆ ತುಂಬ ಕುಡಿದು ಕುಳಿತಿದ್ದ. ಜೋಳದ ಚೀಲ ಹೊತ್ತ ಕತ್ತೆ ಬಾವಿಯ ಪಕ್ಕ ನಿಂತಿತ್ತು. ಗುರುಗಳು ತಂಬಿಗೆ ಮುಟ್ಟದೆ ಕತೆ ಹೇಳಿದರು.

“ಒಂದೂರಿನಲ್ಲಿ ಒಬ್ಬ ಕುದುರೆ ಸವಾರನಿದ್ದ. ಮಹಾಯುದ್ಧಕ್ಕೆ ಹಡಗು ಹತ್ತಿ ಹೋಗಿ ಮರುಭೂಮಿ ನೋಡಿ ಬಂದವನು. ಬಾಯಿ ಬಿಟ್ಟರೆ ಬಡಾಯಿ. ಹಾರಿ ಬಂದ ಫಿರಂಗಿ ಗುಂಡನ್ನು ರುಮಾಲಿನಲ್ಲಿ ಹಿಡಿದು ಬಂದ ದಾರಿಗೇ ಎಸೆದೆ ಎನ್ನುತ್ತಿದ್ದ. ‘ಗುಂಡು ಬಿಸಿ ಇರಲಿಲ್ಲವೇನೋ?’ ಅಂದರೆ, ‘ಇತ್ತು, ಅದಕ್ಕೇ ರುಮಾಲು ಒದ್ದೆ ಮಾಡಿಕೊಂಡಿದ್ದೆ’ ಅನ್ನುತ್ತಿದ್ದ.

ಅವನ ಜೊತೆ ಹೋದ ಕೆಂಚ ತಿರುಗಿ ಬರಲಿಲ್ಲ. ಸತ್ತ ಎಂಬ ಕಾಗದ ಮಾತ್ರ ಬಂತು. ಕೆಂಚನ ತಾಯಿ ಊರ ಹಿರಿಯರ ಮುಂದೆ ಬಂದು, ಮಗನಿಗೊಂದು ವೀರಗಲ್ಲು ನಿಲ್ಲಿಸಿ ಎಂದಳು. ಹೆಣ ಬರಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ, ಕೈ ಮುಗಿಯುವುದಕ್ಕೆ ಕಲ್ಲಾದರೂ ಬೇಕು ಎಂದಳು. ಆ ಊರಲ್ಲಿ ಹೋರಾಡಿ ಬಿದ್ದವನಿಗೆ ಮಾತ್ರ ಕಲ್ಲು ನಿಲ್ಲಿಸುವ ಕಟ್ಟಳೆ. ಗೌಡ ಸವಾರನನ್ನು ಕರೆಸಿದ.

‘ಏನಯ್ಯಾ ಗುಂಡು ಹಿಡಿಯೋ ಗಂಡಸೇ, ಕೆಂಚ ಎಷ್ಟು ತಲೆ ಉರುಳಿಸಿದ? ಒಂದು ಮಾತು ಹೇಳು. ನಾಳೆಯೇ ಕಲ್ಲುಕುಟಿಗನಿಗೆ ಹೇಳಿ ಕಳಿಸ್ತೀನಿ.’

ಸವಾರನ ನಾಲಿಗೆಯ ತುದಿಯಲ್ಲಿ ನೂರು ತಲೆಗಳಿದ್ದವು. ಒಂದನ್ನು ಉದುರಿಸಿದ್ದರೂ ಕಲ್ಲು ನಿಲ್ಲುತ್ತಿತ್ತು. ಅವನು ತಾಯಿಯ ಮುಖ ನೋಡಿದ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

‘ಗೌಡರೇ, ಕೆಂಚ ಒರೆಯಿಂದ ಕತ್ತಿ ತೆಗೆಯಲೇ ಇಲ್ಲ. ಮೊದಲು ಕುದುರೆ ಕುಡಿಯಬೇಕು, ಆಮೇಲೆ ಸವಾರ. ಅದು ನಮ್ಮ ಪಡೆಯ ಕಟ್ಟಳೆ. ಮರಳಲ್ಲಿ ಮೂರು ದಿನ ಬಾವಿ ಸಿಗಲಿಲ್ಲ. ತಲೆಗೊಂದು ಬುಡ್ಡಿ ನೀರು ಉಳಿಯಿತು. ನಾವೆಲ್ಲ ಕುದುರೆಗೆ ಬೆನ್ನು ತಿರುಗಿಸಿ ಕುಡಿದೆವು. ನಾನೂ ಕುಡಿದೆ. ಕೆಂಚ ಒಬ್ಬನೇ ತನ್ನ ಪಾಲನ್ನು ಪೂರಾ ಕುದುರೆಗೆ ಕುಡಿಸಿದ. ಮಾರನೆಯ ಮಧ್ಯಾಹ್ನ ಬಿದ್ದ. ಆ ಕುದುರೆ ಅವನ ಮೇಲೆ ನೆರಳು ಬೀಳುವ ಹಾಗೆ ನಿಂತಿತು. ಅವನ ಉಸಿರು ನಿಲ್ಲುವವರೆಗೆ ಕಾಲು ಕದಲಿಸಲಿಲ್ಲ. ಅವನನ್ನು ನಾವು ಮರಳಲ್ಲಿ ಮುಚ್ಚಿದ ಮೇಲೆ ಅದು ಮೂಗೆತ್ತಿ ಗಾಳಿ ಮೂಸಿ ನಡೆಯಿತು. ನಮ್ಮ ಕುದುರೆಗಳಿಗೆ ದಾರಿ ಹುಡುಕುವ ತ್ರಾಣ ಇರಲಿಲ್ಲ. ಅದರ ಬಾಲ ನೋಡಿಕೊಂಡು ಹೋದೆವು. ಹೊತ್ತು ಮುಳುಗುವ ಮೊದಲು ಅದು ಬಾವಿಯ ಮುಂದೆ ನಿಂತಿತ್ತು. ನಲವತ್ತು ಜನ ಬದುಕಿದೆವು.’

ಹಿರಿಯರು ಬಿದ್ದು ಬಿದ್ದು ನಕ್ಕರು. ‘ಗುಂಡು ಹಿಡಿದದ್ದನ್ನಾದರೂ ನಂಬಬಹುದು ಮಾರಾಯ!’ ಎಂದ ಗೌಡ. ವೀರಗಲ್ಲು ಇಲ್ಲ ಎಂದು ತೀರ್ಮಾನವಾಯಿತು.

ತಾಯಿ ಮಾತ್ರ ನಗಲಿಲ್ಲ. ‘ನನ್ನ ಕೆಂಚನೇ ಸರಿ ಕಣಪ್ಪ. ಎತ್ತಿಗೆ ನೀರು ತೋರಿಸದೆ ಅವನು ಒಂದು ದಿನವೂ ಗುಟುಕು ಕುಡಿದವನಲ್ಲ’ ಎಂದಳು.

ಸವಾರ ತಾನೇ ಉಳಿ ಹಿಡಿದ. ಬಾರದ ಕೆಲಸ, ಎರಡು ಬಂಡೆ ಒಡೆದುಹೋದವು. ಮೂರನೆಯದು ಬಾನಿಯಾಯಿತು, ದನ ಕುದುರೆ ನೀರು ಕುಡಿಯುವ ಕಲ್ಲುಬಾನಿ. ಅದನ್ನು ದಾರಿಬದಿಯ ಬಾವಿಯ ಹತ್ತಿರ ಇಟ್ಟ. ಅದರ ಮೇಲೆ ಹೆಸರಿಲ್ಲ, ಕತ್ತಿಯಿಲ್ಲ. ತಾಯಿ ಬದುಕಿರುವವರೆಗೆ ದಿನಾ ಬೆಳಿಗ್ಗೆ ಅದನ್ನು ತುಂಬಿ ಕೈ ಮುಗಿದಳು. ಸವಾರ ಮುದುಕನಾದರೂ ಬಡಾಯಿ ಬಿಡಲಿಲ್ಲ. ಅವನ ಫಿರಂಗಿ ಗುಂಡು ವರ್ಷ ವರ್ಷಕ್ಕೂ ದಪ್ಪವಾಯಿತು. ಕೆಂಚನ ಮಾತಿಗೆ ಮಾತ್ರ ಒಂದು ಹನಿ ಬೆರೆಸಲಿಲ್ಲ.”

ಶಿಷ್ಯ ಕೂತಲ್ಲಿಂದ ಎದ್ದು ಕೈ ಮುಗಿದ. “ಆ ಬಾನಿ ಎಲ್ಲಿದೆ ಗುರುಗಳೇ? ಅದಕ್ಕೆ ಹಣೆ ಮುಟ್ಟಿಸಬೇಕು.”

“ನಮ್ಮ ಕತ್ತೆ ಆಗಿನಿಂದ ಅದರ ಮುಂದೆಯೇ ನಿಂತಿದೆ ತಮ್ಮಾ, ಬಾನಿ ಒಣಗಿದೆ.”